ಬಾವುಟದ ಮರ್ಯಾದೆ

ಹಾಯಿದೋಣಿಯ ಇಂಜಿನ್ ಎರಡು ಸಲ ಕೆಮ್ಮಿ, ಒಮ್ಮೆ ಸೀನಿ, ಕ್ರೀಟ್ ದ್ವೀಪದಾಚೆಯ ನಡುನೀರಿನಲ್ಲಿ ತಣ್ಣಗಾಯಿತು. ಗಾಳಿಯಂತೂ ಬೆಳಗಿನಿಂದಲೇ ಪತ್ತೆಯಿಲ್ಲ. ಹಾಯಿ ಒಣಹಾಕಿದ ಬೆಡ್‌ಶೀಟಿನ ಹಾಗೆ ಜೋತುಬಿದ್ದಿತ್ತು. ಎನಿಡ್ ದುರ್ಬೀನು ಹಿಡಿದು ನೋಡಿದಳು. ದೂರದಲ್ಲಿ ಬ್ರಿಟಿಷ್ ಯುದ್ಧನೌಕೆ ಬಂದು ನಿಂತಾಗಿತ್ತು, ಅದರ ಮೇಲೆ ಬಿಳಿ ಟೋಪಿಗಳು ಸಾಲುಗಟ್ಟಿದ್ದವು.

"ಮಾಲ್ಟಾದಲ್ಲೇ ಬಡ್ಕೊಂಡೆ, ಡೀಸೆಲ್ ಫಿಲ್ಟರ್ ಬದಲಾಯ್ಸು ಅಂತ."

"ಮಾಲ್ಟಾದಲ್ಲಿ ಚೆನ್ನಾಗೇ ಇತ್ತಲ್ಲ!" ಗಂಡನ ದನಿ ಇಂಜಿನ್ನಿನ ಗೂಡಿನೊಳಗಿಂದ ಬಂತು. ಡೆನ್ಜಿಲ್ ತಲೆ, ತೋಳು ಎರಡನ್ನೂ ಒಳಗೆ ತೂರಿಸಿ ಮಲಗಿದ್ದ. ಹೊರಗೆ ಕಾಣುತ್ತಿದ್ದುದು ಅವನ ಪ್ಯಾಂಟು ಮಾತ್ರ. ದೋಣಿಯಲ್ಲಿ ಇಸ್ತ್ರಿಪೆಟ್ಟಿಗೆ ಎಲ್ಲಿಂದ ಬರಬೇಕು? ಇವತ್ತಿನ ಸಮಾರಂಭಕ್ಕೆಂದು ಎನಿಡ್ ಆ ಪ್ಯಾಂಟನ್ನು ರಾತ್ರಿಯೆಲ್ಲ ಹಾಸಿಗೆಯಡಿ ಇಟ್ಟು, ಮೇಲೆ ತಾನೇ ಮಲಗಿ, ಗೆರೆ ಕೂರಿಸಿದ್ದಳು. ಆ ಗೆರೆಯ ಮೇಲೀಗ ಡೀಸೆಲ್ ಇಳಿಯುತ್ತಿತ್ತು.

ಎಪ್ಪತ್ತು ವರ್ಷದ ಹಿಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಡೆನ್ಜಿಲನ ಅಪ್ಪನಿದ್ದ ಹಡಗು ಬಾಂಬು ಬಿದ್ದು ಈ ಆಸುಪಾಸಿನಲ್ಲೇ ಮುಳುಗಿತ್ತು. ಡೆನ್ಜಿಲ್ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ಇವತ್ತು ನೌಕಾಪಡೆಯವರು ಅದೇ ಜಾಗದಲ್ಲಿ ಸತ್ತವರ ಹೆಸರನ್ನೆಲ್ಲ ಗಟ್ಟಿಯಾಗಿ ಓದಿ, ನೀರಿಗೆ ಹೂಮಾಲೆ ಬಿಡುವವರಿದ್ದರು. ಅಪ್ಪನ ಹೆಸರನ್ನು ಅಪ್ಪನಿರುವ ನೀರಿನ ಮೇಲೆ ಒಂದು ಸಲ ಕಿವಿಯಾರೆ ಕೇಳಬೇಕು ಎನ್ನುವುದೊಂದೇ ಮುದುಕನ ಆಸೆ. ಅದಕ್ಕೆಂದೇ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಇಲ್ಲಿಯವರೆಗೆ ದೋಣಿ ನಡೆಸಿಕೊಂಡು ಬಂದಿದ್ದ. ದೋಣಿಯೇ ಈಗ ಅವರಿಬ್ಬರ ಮನೆ, ಅಡುಗೆಮನೆ, ಜಗಳದ ಕಟ್ಟೆ. 'ನಮ್ಮ ಹಡಗಿನಲ್ಲೇ ಬನ್ನಿ, ಕುರ್ಚಿ ಹಾಕಿಸುತ್ತೇವೆ' ಎಂದು ನೌಕಾಪಡೆಯವರು ಕರೆದಿದ್ದರು. ಕೇಳಬೇಕಲ್ಲ? "ಅಪ್ಪನ ಮನೆಗೆ ಬೇರೆಯವರ ಬಂಡೀಲಿ ಹೋಗ್ಲಾ?" ಎಂದು ಹಟ ಹಿಡಿದವನು ಇದೇ ಮಹರಾಯ.

"ರೇಡಿಯೋದಲ್ಲಿ ಹೇಳ್ತೀನಿ, ಸ್ವಲ್ಪ ಹೊತ್ತು ಕಾಯ್ರಪ್ಪ ಅಂತ," ಎನಿಡ್ ಎದ್ದಳು.

"ಮುಟ್ಟಬೇಡ ಅದನ್ನ! ಫಿಲ್ಟರ್ ಬದಲಾಯಿಸದ ಮುಠ್ಠಾಳನಿಗೋಸ್ಕರ ನೌಕಾಪಡೆ ಕಾಯ್ಬೇಕಾ? ಮಾನ ಹೋಗುತ್ತೆ."

"ಸದ್ಯ, ಮುಠ್ಠಾಳ ಅಂತ ನೀನೇ ಒಪ್ಕೊಂಡ್ಯಲ್ಲ!"

ಅಷ್ಟರಲ್ಲಿ ಕಹಳೆ ಕೇಳಿಸಿತು. ಅಲೆಯಿಲ್ಲದ ನೀರಿನ ಮೇಲೆ ಸಣ್ಣಗೆ, ಆದರೆ ಸ್ಪಷ್ಟವಾಗಿ ಬಂತು. ಹೆಸರುಗಳನ್ನು ಓದಿ ಮುಗಿಸಿದ ಮೇಲೆಯೇ ಕಹಳೆ ಎಂದು ಇಬ್ಬರಿಗೂ ಗೊತ್ತಿತ್ತು. ಡೆನ್ಜಿಲ್ ಗೂಡಿನಿಂದ ಹೊರಗೆ ಬಂದು, ಗ್ರೀಸು ಮೆತ್ತಿದ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ. ಕಹಳೆ ನಿಂತ ಮೇಲೂ ಹಾಗೆಯೇ ನಿಂತಿದ್ದ.

"ಓದಿಬಿಟ್ರು ಕಣೇ," ಎಂದ. "ನಂಗೆ ಕೇಳಿಸ್ಲೇ ಇಲ್ಲ."

ಎನಿಡ್ ಬಂದು ಅವನ ಪಕ್ಕ ನಿಂತಳು. ಯುದ್ಧನೌಕೆ ಮೆಲ್ಲಗೆ ತಿರುಗಿ ಬಂದರಿನ ಕಡೆ ಹೊರಟಿತು. ಅದರ ದಾರಿ ಇವರ ಪಕ್ಕದಲ್ಲೇ ಇತ್ತು. ನೋಡುನೋಡುತ್ತಿದ್ದಂತೆ ಬೂದು ಬಣ್ಣದ ಕಬ್ಬಿಣದ ಗೋಡೆ ಹತ್ತಿರ ಬಂತು.

"ಬಾವುಟ ಇಳ್ಸು," ಎಂದಳು.

ಯುದ್ಧನೌಕೆ ಎದುರಾದರೆ ಸಣ್ಣ ದೋಣಿ ತನ್ನ ಬಾವುಟ ತಗ್ಗಿಸಿ ನಮಸ್ಕಾರ ಹೇಳಬೇಕು. ನೌಕೆ ತನ್ನದನ್ನೂ ತಗ್ಗಿಸಿ, ಮತ್ತೆ ಏರಿಸಿ, ಮರುನಮಸ್ಕಾರ ಹೇಳುತ್ತದೆ. ಆಮೇಲೆ ದೋಣಿ ಏರಿಸಬೇಕು. ಹಳೇ ಕಾಲದ ಮರ್ಯಾದೆ ಅದು. ಈಗೀಗ ಯಾರು ಮಾಡುತ್ತಾರೆ ಅದನ್ನೆಲ್ಲ!

"ಈ ಕರವಸ್ತ್ರದಷ್ಟು ಬಾವುಟ ಅವರ ಕಣ್ಣಿಗೆ ಬೀಳುತ್ತಾ?"

"ಬಿದ್ರೆ ಬೀಳ್ಲಿ, ಇಲ್ದಿದ್ರೆ ಬಿಡ್ಲಿ. ನೀನು ಇಳ್ಸು ಮಾರಾಯ."

ಡೆನ್ಜಿಲ್ ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ಕೋಲನ್ನು ಕಿತ್ತು, ಬಿಸಿಲಿಗೆ ಬಣ್ಣ ಹೋದ ಬಾವುಟವನ್ನು ನೀರು ತಾಗುವಷ್ಟು ಬಾಗಿಸಿದ. ನೌಕೆ ತನ್ನ ಪಾಡಿಗೆ ಸಾಗುತ್ತಿತ್ತು. ಇಲ್ಲ, ನೋಡಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಬ್ಬ ನಾವಿಕ ಅದರ ಹಿಂಭಾಗಕ್ಕೆ ದಡದಡನೆ ಓಡಿಬಂದ. ಅಲ್ಲಿದ್ದ ನೌಕಾಪಡೆಯ ದೊಡ್ಡ ಬಿಳಿ ಬಾವುಟ ಮೆಲ್ಲಗೆ ಜಾರಿ, ಒಂದು ಗಳಿಗೆ ನಿಂತು, ಮತ್ತೆ ಮೇಲೇರಿತು.

"ನೋಡ್ದ್ಯಾ! ಅಯ್ಯೋ ದೇವ್ರೇ, ನಮ್ಮ ಈ ಡಬ್ಬಾ ದೋಣಿಗೆ!" ಎನಿಡ್ ನಗುತ್ತಲೇ ಕಣ್ಣೊರೆಸಿಕೊಂಡಳು.

ಆದರೆ ಡೆನ್ಜಿಲ್ ಬಾವುಟ ಎತ್ತಲಿಲ್ಲ. ಆ ನಾವಿಕ ಬಗ್ಗಿ ಬಗ್ಗಿ ನೋಡಿದ. ಪಾಪ, ತಾನೇ ಏನೋ ತಪ್ಪು ಮಾಡಿದೆನೆಂದು ಗಾಬರಿಯಾಗಿರಬೇಕು. ಹಿಂದೆ ನಿಂತಿದ್ದ ಅಧಿಕಾರಿಯನ್ನು ಏನೋ ಕೇಳಿದ. ಅಧಿಕಾರಿ ದೋಣಿಯನ್ನೂ, ಅದರ ಮೇಲೆ ಡೀಸೆಲ್ ಮೆತ್ತಿಕೊಂಡು ನಿಂತ ಮುದುಕನನ್ನೂ ದಿಟ್ಟಿಸಿ, ತಲೆಯಾಡಿಸಿದ. ದೊಡ್ಡ ಬಾವುಟ ಎರಡನೆಯ ಸಲ ಕೆಳಗಿಳಿಯಿತು.

"ಎತ್ತು ಮಾರಾಯ, ಸಾಕು!" ಎನಿಡ್ ಅವನ ಅಂಗಿ ಜಗ್ಗಿದಳು. "ಬಂದರಿನ ತನಕ ಇಳಿಸ್ತಾ ಏರಿಸ್ತಾನೇ ಹೋಗ್ಬೇಕಾ ಅವರು?"

ಡೆನ್ಜಿಲ್ ತೋಳಿನಿಂದ ಮೂಗು ಒರೆಸಿಕೊಂಡ. ಕೋಲು ಹಿಡಿದ ಕೈ ಕದಲಲಿಲ್ಲ.

"ಹೋಗ್ಲಿ ಬಿಡು. ಮೊದಲನೇದು ಅಪ್ಪನಿಗಾಯ್ತು," ಎಂದ. "ಕೆಳಗೆ ಇನ್ನೂ ಮುನ್ನೂರು ಜನ ಇದ್ದಾರೆ ಕಣೇ."