ಕೊನೆಯ ಸಾಲಿಗೆ ಕೇಳಬೇಕು

ಮನಸ್ವಿನಿ ತಲೆಯ ಟೋಪಿ ತೆಗೆದು ಮೇಜಿನ ಮೇಲೆ ಎಸೆದ ರಭಸಕ್ಕೆ ಚಟ್ನಿಯ ಬಟ್ಟಲು ಮಗುಚಿ ಬಿತ್ತು. ಊರಿನಿಂದ ದೂರ, ಗೋರ್ವಾದಲ್ಲಿದ್ದ ಅವರ ಉಡುಪಿ ಹೋಟೆಲಿನಲ್ಲಿ ಶನಿವಾರ ಬೆಳಗಿನ ಗಿರಾಕಿಗಳು ಇನ್ನೂ ತುಂಬಿದ್ದರು. ಎನ್‌ಸಿಸಿಯ ಖಾಕಿ ಬಟ್ಟೆಯಲ್ಲೇ ಅವಳು ಅಜ್ಜನ ಎದುರು ಕುಸಿದು ಕೂತಳು.

"ಪೂರಾ ಇಜ್ಜತ್ ಹೋಯ್ತು ಅಜ್ಜ. ನನ್ನ ಕಮಾಂಡ್ ಫಸ್ಟ್ ಲೈನ್ ದಾಟಲ್ವಂತೆ. ಹಿಂದಿನವರು ಮುಂದಿನವರ ಕಾಲು ನೋಡಿ ತಿರುಗ್ತಾರೆ ಅಂತ ಉಸ್ತಾದ್ ಎಲ್ಲರ ಮುಂದೆ ಹೇಳಿದ್ರು."

ಉಸ್ತಾದ್ ಎಂದರೆ ಕಾಲೇಜಿನಲ್ಲಿ ಕವಾಯತು ಕಲಿಸುವ ಸೇನೆಯ ಹವಾಲ್ದಾರ. ಸ್ವಾತಂತ್ರ್ಯ ದಿನದ ಪರೇಡಿಗೆ ಕಮಾಂಡ್ ಕೊಡುವ ಹುಡುಗಿಯನ್ನು ಸೋಮವಾರ ಅವರೇ ಆರಿಸುವವರಿದ್ದರು.

ಹಣದ ಗಲ್ಲೆಯಲ್ಲಿದ್ದ ಅಪ್ಪ ಗಣೇಶನ ಮುಖದಲ್ಲಿ ಸಣ್ಣ ನಗು ಬಂತು. "ಮಾತು ಮಾತೇ ಮಗ. ಸೋಮವಾರ ನೀನು ಸೆಲೆಕ್ಟ್ ಆದ್ರೆ ಮಿಲಿಟರಿ ಆಫೀಸರ್ ಆಗ್ಲಿಕ್ಕೆ ಹೋಗು, ನಾನು ಅಡ್ಡ ಬರುದಿಲ್ಲ. ಇಲ್ಲದಿದ್ರೆ ಡಿಗ್ರಿ ಮುಗಿದ ಮೇಲೆ ಈ ಗಲ್ಲೆ ನಿಂದು. ಬೇಕಾದ್ರೆ ಎಸಿ ಹಾಕಿಸ್ತೇನೆ."

"ನಿಮ್ಮ ಎಸಿ ನೀವೇ ಇಟ್ಕೊಳ್ಳಿ ಪಪ್ಪಾ."

ಅಜ್ಜ ಶಂಕರನಾರಾಯಣರು ಒಂದು ಕಾಲದಲ್ಲಿ ಇದೇ ಹೋಟೆಲಿನಲ್ಲಿ ಆರ್ಡರ್ ಕೂಗುತ್ತಿದ್ದವರು. ಈಗ ಕೂಗುವವರಿಲ್ಲ. ಹುಡುಗರು ಮೊಬೈಲಿನಲ್ಲಿ ಒತ್ತಿದರೆ ಅಡುಗೆಮನೆಯ ಯಂತ್ರದಿಂದ ಚೀಟಿ ಹೊರಬರುತ್ತದೆ. ಅಜ್ಜ ಚೆಲ್ಲಿದ ಚಟ್ನಿಯನ್ನು ಸಾವಕಾಶವಾಗಿ ಒರೆಸಿ, ಬಟ್ಟೆ ಮಡಿಸಿಟ್ಟು ಹೇಳಿದರು:

"ಏಳು. ಬಾಗಿಲ ಹತ್ರ ನಿಂತು ದಾಮೋದರನಿಗೆ ಒಂದು ಆರ್ಡರ್ ಕೂಗು ಕಾಂಬ."

ಹೋಟೆಲಿನ ಆ ತುದಿಯಲ್ಲಿ ಅಡುಗೆಮನೆಯ ಕಿಂಡಿ. ಅದರಾಚೆ ದೋಸೆ ಭಟ್ಟ ದಾಮೋದರ ಕಾವಲಿಯ ಮೇಲೆ ಬಗ್ಗಿದ್ದ. ಮನಸ್ವಿನಿ ಅಪ್ಪನತ್ತ ಒಮ್ಮೆ ನೋಡಿ, "ಎರಡು ಮಸಾಲೆ, ಒಂದು ಸೆಟ್" ಎಂದು ಕೂಗಿದಳು. ದಾಮೋದರ ತಲೆ ಎತ್ತಲಿಲ್ಲ. ಅವಳು ಗಂಟಲು ಹರಿಯುವಂತೆ ಇನ್ನೊಮ್ಮೆ ಕಿರುಚಿದಳು. ಹೋಟೆಲಿಗೆ ಹೋಟೆಲೇ ಅವಳತ್ತ ತಿರುಗಿತು, ದಾಮೋದರ ಮಾತ್ರ ತಿರುಗಲಿಲ್ಲ.

ಬಾಗಿಲ ಬಳಿಯ ಮುದುಕರೊಬ್ಬರು ತಮ್ಮ ಲೋಟ ಭದ್ರವಾಗಿ ಹಿಡಿದುಕೊಂಡು, "ಬೇಟಾ, ಮೇರಾ ತೋ ಸಿರ್ಫ್ ಚಾಯ್ ಥಾ" ಎಂದು, ತಮ್ಮದು ಬರೀ ಚಹಾ ಎಂಬುದನ್ನು ನೆನಪಿಸಿದರು.

"ಅಪ್ಪಯ್ಯ, ಗಿರಾಕಿಗಳು ಓಡಿ ಹೋಗ್ತಾರೆ" ಎಂದ ಗಣೇಶ್.

"ಎಲ್ಲಿಗೆ ಓಡುದು? ಗಲ್ಲೆಯಲ್ಲಿ ನೀನಿದ್ದಿಯಲ್ಲ." ಅಜ್ಜ ಮೊಮ್ಮಗಳ ಹತ್ತಿರ ಬಂದರು. "ನೀನು ಗೋಡೆಗೆ ಕೂಗ್ತಾ ಇದ್ದಿ ಮಾರಾಯ್ತಿ. ಗೋಡೆ ದೋಸೆ ಹೊಯ್ಯುದಿಲ್ಲ. ಅಲ್ಲಿ ಮೈದಾನದಲ್ಲಿ ನಿನ್ನ ಉಸ್ತಾದ್ ಎಲ್ಲಿ ನಿಂತಿರ್ತಾರೆ?"

"ನನ್ನ ಪಕ್ಕದಲ್ಲಿ."

"ಕಮಾಂಡ್ ಕೊಡುವಾಗ ನೀನು ಯಾರನ್ನು ನೋಡ್ತಿ?"

"ಉಸ್ತಾದರನ್ನೇ. ಕರೆಕ್ಟ್ ಆಯ್ತಾ ಅಂತ."

"ತಿರುಗ್ಬೇಕಾದ್ದು ಉಸ್ತಾದರಾ, ಹಿಂದಿನ ಸಾಲಿನ ಹುಡುಗಿಯಾ? ದಾಮೋದರನನ್ನು ನೋಡು. ಅವ ತಲೆ ಎತ್ತುವವರೆಗೆ ಕಾಯಿ. ಆಮೇಲೆ ಕೂಗು. ಗಡಿಬಿಡಿ ಬೇಡ."

ಅವಳು ಕಾದಳು. ದಾಮೋದರ ಒಂದು ದೋಸೆ ಮಡಚಿದ, ಇನ್ನೊಂದಕ್ಕೆ ಎಣ್ಣೆ ಬಿಟ್ಟ, ಭುಜಕ್ಕೆ ಹಣೆ ಒರೆಸಿಕೊಳ್ಳುತ್ತ ತಲೆ ಎತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು. "ಎರಡೂ... ಮಸಾಲೇ... ಒಂದು ಸೆಟ್." ಈ ಸಲ ಕಿರುಚಾಟವಿರಲಿಲ್ಲ. ಹೊಟ್ಟೆಯಿಂದ ಎದ್ದ ಸ್ವರ ಮೇಜುಗಳ ಮೇಲಿಂದ ಹಾದು ಕಿಂಡಿಯೊಳಗೆ ನೆಟ್ಟಗೆ ಹೋಯಿತು. ದಾಮೋದರ ಸಟ್ಟುಗ ಎತ್ತಿದ. "ಎರಡು ಮಸಾಲೆ, ಒಂದು ಸೆಟ್, ಬಂತೂ."

ಆ ದಿನ ಮತ್ತು ಭಾನುವಾರ ಅವಳು ಕೂಗಿದ್ದೇ ಕೂಗಿದ್ದು. ದಾಮೋದರ ಒಂದು ಆರ್ಡರನ್ನೂ ತಪ್ಪಿಸಲಿಲ್ಲ. ಚಹಾ ಕುಡಿಯಲು ಬಂದ ಆ ಮುದುಕರೂ ಕೊನೆಗೆ, ಅವಳ ಬಾಯಲ್ಲಿ ಕೇಳಬೇಕೆಂದು ಒಂದು ಮಸಾಲೆ ಹೇಳಿದರು.

ಸೋಮವಾರ ಅವಳು ಬಂದಾಗ, ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದ ಗಣೇಶ್ ಗಲ್ಲೆಯ ಗಣಪತಿಯ ಹೂ ಸರಿಮಾಡತೊಡಗಿದ. ಅವಳು ನೇರ ಅಡುಗೆಮನೆಗೆ ನುಗ್ಗಿದಳು. ದಾಮೋದರ ಆ ಕಡೆ ಮುಖ ಮಾಡಿ ನಿಂತು ಗ್ರೈಂಡರ್ ತೊಳೆಯುತ್ತಿದ್ದ.

"ದಾಮೋದರಣ್ಣ, ನಾನೇ ಸೆಲೆಕ್ಟ್. ಲಾಸ್ಟ್ ಲೈನೂ ಒಟ್ಟಿಗೇ ತಿರುಗಿತು."

ಅವನು ತೊಳೆಯುತ್ತಲೇ ಇದ್ದ. ಅವಳು ಇನ್ನೂ ಜೋರಾಗಿ ಹೇಳಿದಳು. ನೀರು ನಿಲ್ಲಿಸಿದ, ಬಟ್ಟೆ ಹಿಂಡಿದ, ತಿರುಗಲಿಲ್ಲ.

"ಎದುರು ಹೋಗಿ ಹೇಳು" ಎಂದರು ಹಿಂದೆಯೇ ಬಂದಿದ್ದ ಅಜ್ಜ. "ಅವನಿಗೆ ಕಿವಿ ಕೇಳದೆ ಸುಮಾರು ವರ್ಷ ಆಯ್ತು."

"ಕೇಳಲ್ವಾ? ಮತ್ತೆ ನಾನು ಕೂಗಿದ್ದು?"

"ನೀನು ಅವನನ್ನು ನೋಡಿದಿ. ಅವ ನಿನ್ನ ಬಾಯಿ ನೋಡಿದ."

ಬಾಗಿಲಲ್ಲಿ ಗಣೇಶ್ ಬಂದು ನಿಂತಿದ್ದ. "ನನಗೆ ಗೊತ್ತೇ ಇಲ್ಲ ಅಪ್ಪಯ್ಯ."

"ಚೀಟಿ ಬಂದ ಮೇಲೆ ಅವನನ್ನು ಕರೆದವರು ಯಾರು, ಗೊತ್ತಾಗ್ಲಿಕ್ಕೆ?"

ಮನಸ್ವಿನಿ ಗ್ರೈಂಡರ್ ಸುತ್ತಿ ಹೋಗಿ ದಾಮೋದರನ ಎದುರು ಕವಾಯತಿನ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತಳು. ಅವನು ತಲೆ ಎತ್ತಿ ಅವಳ ಮುಖ ನೋಡಿದ. ಅವಳಿನ್ನೂ ಬಾಯಿ ತೆರೆದಿರಲಿಲ್ಲ.

"ಕೇಳ್ತು" ಎಂದ ದಾಮೋದರ.