ಕೆಂಪು ಚುಕ್ಕಿಯ ಫ್ಯೂಸು

ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇತ್ತು. ಟೆಸ್ಟರಿನ ಪುಟ್ಟ ದೀಪ ಹೊತ್ತಿತು. ವೈರೂ ಸರಿಯಿತ್ತು. ಆದರೂ ರೇಡಿಯೊ ಸೆಟ್ಟಿನ ಆಂಪ್ಲಿಫೈಯರ್ ಕಲ್ಲಿನಂತೆ ಬಿದ್ದಿತ್ತು. ಆರು ತಿಂಗಳಲ್ಲಿ ಇದು ಮೂರನೆಯ ಸಲ.

ಮಗ ನೆಲದ ಮೇಲೆ ಕುಳಿತು ಅದನ್ನು ಹಿಂದುಮುಂದಾಗಿ ತಿರುಗಿಸಿದ. ಇಂಥವನ್ನೆಲ್ಲ ರಿಪೇರಿ ಮಾಡುವ ಅಂಗಡಿ ಅವನದು. ಓದು ಬಿಟ್ಟು ಆ ಅಂಗಡಿ ತೆರೆದ ದಿನ ತಂದೆ ಅವನ ಜತೆ ಮಾತು ನಿಲ್ಲಿಸಿದ್ದರು. ನಾಲ್ಕು ವರ್ಷವಾಯಿತು. ಸೆಟ್ಟು ಕೆಟ್ಟಾಗ ಮಾತ್ರ ಅವನು ಈ ಮನೆಯ ಮೆಟ್ಟಿಲು ಹತ್ತುತ್ತಿದ್ದ.

ತಂದೆ ಎದುರಿನ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ಹೆಬ್ಬೆರಳಿಗೆ ಪಟ್ಟಿ. ಪೆನ್ಸಿಲ್ ಚೂಪು ಮಾಡುವಾಗ ಕುಯ್ದುಕೊಂಡರಂತೆ.

“ಯಾವಾಗ ನಿಂತಿತು ಅಂತ ಕೇಳಮ್ಮ,” ಅಂದ ಮಗ.

“ನಿನ್ನೆ ಸಂಜೆ ಅಂತ ಹೇಳು,” ಅಂದರು ತಂದೆ.

ನಡುವೆ ನಿಂತ ತಾಯಿ ಬಾಯಿ ತೆರೆಯಲಿಲ್ಲ. ತಂತಿ ಹೊತ್ತ ಕಂಬದ ಹಾಗೆ ನಿಂತಿದ್ದರೆ ಸಾಕಿತ್ತು.

ಸ್ವಿಚ್ಚು ಆರಿಸು ಎಂದ ಮಗ. ಅವಳು ಚಪ್ಪಲಿ ಮೆಟ್ಟಿ, ಅಡುಗೆಮನೆಯಿಂದ ಮರದ ಸೌಟು ತಂದು, ಅದರ ತುದಿಯಿಂದ ಸ್ವಿಚ್ಚನ್ನು ಒತ್ತಿದಳು. ಮದುವೆಯಾದಾಗಿನಿಂದಲೂ ಹಾಗೆಯೇ. ಕರೆಂಟೆಂದರೆ ಅವಳಿಗೆ ಹಾವು.

“ಎಷ್ಟು ಹೊತ್ತಾಗುತ್ತಂತೆ, ಕೇಳು.” ತಂದೆ ಪೇಪರಿನ ಹಿಂದಿನಿಂದಲೇ ಅಂದರು. “ಅವಸರ ಮಾಡಿ ಇನ್ನಷ್ಟು ಕೆಡಿಸೋದು ಬೇಡ ಅಂತ ಹೇಳು.”

ಮಗ ಸೆಟ್ಟಿನ ಹಿಂಬದಿಯ ಪುಟ್ಟ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ತೆಗೆದ. ಗಾಜಿನ ಫ್ಯೂಸು ಹೊರಬಂತು. ಒಳಗೆ ಕಪ್ಪಾಗಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಎದ್ದು ಅಡುಗೆಮನೆಗೆ ಹೋದ. ತಾಯಿ ಹಿಂದೆಯೇ ಹೋದಳು.

“ಅಮ್ಮ, ಈ ಚುಕ್ಕಿ ನೋಡು.”

ಫ್ಯೂಸಿನ ತುದಿಯಲ್ಲಿ ಉಗುರು ಬಣ್ಣದ ಕೆಂಪು ಚುಕ್ಕಿ. ಕೆಟ್ಟ ಭಾಗ ಒಳ್ಳೆಯದರ ಜತೆ ಬೆರೆಯದಿರಲೆಂದು, ತೆಗೆದದ್ದಕ್ಕೆಲ್ಲ ಹಾಗೆ ಗುರುತಿಡುವುದು ಅವನ ಅಂಗಡಿಯ ಪದ್ಧತಿ.

“ಹೋದ ಸಲ ನಾನೇ ತೆಗೆದು ಕಸದ ಬುಟ್ಟಿಗೆ ಹಾಕಿದ್ದು ಇದು. ಕಾಲು ಬಂದು ತಾನೇ ವಾಪಸ್ ಸೆಟ್ಟಿನೊಳಗೆ ಹೋಗಿ ಕೂತ್ಕೊಳ್ತಾ?”

ತಾಯಿ ಬಾಗಿಲ ಪರದೆಯತ್ತ ನೋಡಿದಳು. ಆಚೆ ಪೇಪರಿನ ಸದ್ದು ನಿಂತಿತ್ತು.

“ನಾನೇ,” ಅಂದಳು. “ನೀನು ಮನೆಗೆ ಬರಲಿ ಅಂತ.”

“ಪ್ರತಿ ಗುರುವಾರ ಅಂಗಡಿಗೆ ಬುತ್ತಿ ತರ್ತೀಯಲ್ಲ. ಅಲ್ಲಿ ನೋಡಿದ್ದು ಸಾಲದಾ?”

ಅವಳು ಒಲೆಯ ಮೇಲಿನ ಹಾಲನ್ನು ನೋಡುತ್ತ ನಿಂತಳು. ಬೇಸರವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಾಲು ಉಕ್ಕುವ ಮೊದಲು ಇಳಿಸಬೇಕು, ಅಷ್ಟೇ.

“ಹೊಸ ಫ್ಯೂಸನ್ನು ಒಳಗಡೆಯೇ ಬೆಸುಗೆ ಹಾಕಿಬಿಡ್ತೀನಿ,” ಅಂದ ಮಗ. “ಆಮೇಲೆ ಯಾರ ಕೈಗೂ ಸಿಗಲ್ಲ. ಅಪ್ಪನಿಗೂ ನನ್ನ ಮುಖ ನೋಡೋ ಕಷ್ಟ ತಪ್ಪುತ್ತೆ. ಈಗಲೇ ಹೋಗಿ ಹೇಳ್ತೀನಿ.”

“ಹೇಳಬೇಡ.” ಅವಳು ಅವನ ಮುಂಗೈ ಹಿಡಿದಳು. “ಚದುರಂಗದ ಮಣೆ ಏನಾಯ್ತು, ಮರೆತೆಯಾ?”

ಅವನು ಮರೆತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ತಂದೆಯನ್ನು ಸೋಲಿಸಿದ್ದ. ಮರುದಿನವೇ ಮಣೆ ಗುಜರಿಗೆ ಹೋಗಿತ್ತು. ತಾವು ಸೋತದ್ದಕ್ಕೆ ಸಾಕ್ಷಿಯಾದ ವಸ್ತುವನ್ನು ತಂದೆ ಮನೆಯಲ್ಲಿ ಇಟ್ಟುಕೊಳ್ಳುವವರಲ್ಲ. ಹೆಂಡತಿಯ ಕೈಲಿ ಮೂರು ಸಲ ಮೋಸಹೋದೆ ಎಂದು ತಿಳಿದರೆ, ಈ ಸೆಟ್ಟೂ ಸಂಜೆಯೊಳಗೆ ಗುಜರಿ ಸೇರುತ್ತದೆ.

ಮಗ ಸುಟ್ಟ ಫ್ಯೂಸನ್ನು ಅವಳ ಅಂಗೈಯಲ್ಲಿಟ್ಟ. ಬೆಸುಗೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಹೊಸ ಫ್ಯೂಸು ಕೂತಿತು. ದೀಪ ಬಂತು. ಸ್ಪೀಕರುಗಳಲ್ಲಿ ಯಾರೋ ಹವಾಮಾನ ಓದಿದರು. ಮಗ ಟೀ ಕುಡಿದ. ತಂದೆಯೂ ಕುಡಿದರು. ಇಬ್ಬರೂ ಒಂದೇ ಕೋಣೆಯಲ್ಲಿ ಮುಕ್ಕಾಲು ಗಂಟೆ ನಾಳೆಯ ಬಿಸಿಲಿನ ವಿಚಾರ ಕೇಳಿದರು. ಆಮೇಲೆ ಮಗ ಹೋದ.

“ಈಗಲಾದರೂ ನೆಟ್ಟಗಿರುತ್ತಂತಾ?” ಎಂದು ಕೇಳಿದರು ತಂದೆ.

“ಎರಡು ತಿಂಗಳು ಬರಬಹುದು ಅಂದ.”

“ಹೂಂ.” ಅವರು ಕನ್ನಡಕ ತೆಗೆದಿಟ್ಟು ಸ್ನಾನಕ್ಕೆ ಹೋದರು.

ನೀರಿನ ಸದ್ದು ಶುರುವಾದ ಮೇಲೆ ತಾಯಿ ಕೆಂಪು ಚುಕ್ಕಿಯನ್ನು ಉಜ್ಜಿ ಅಳಿಸಿ, ಗಂಡನ ಕನ್ನಡಕದ ಡಬ್ಬಿ ತೆರೆದಳು. ಒಳಗಿದ್ದ ಪುಟ್ಟ ಸ್ಕ್ರೂಡ್ರೈವರು ಮತ್ತು ಒಳ್ಳೆಯ ಫ್ಯೂಸುಗಳ ಪಕ್ಕ ಸುಟ್ಟದ್ದನ್ನು ಮುಂದಿನ ಸಲಕ್ಕೆಂದು ಮಲಗಿಸಿ, ಡಬ್ಬಿಯನ್ನು ಮೊದಲಿದ್ದಂತೆ ಮುಚ್ಚಿಟ್ಟಳು.