ಪ್ರಣಿತಾ ಇಟ್ಟ ಹೆಸರು

ಬ್ರೇಕಿನ ಸದ್ದಿಗೆ ಜಯಪಾಲ ಮೊಬೈಲಿನಿಂದ ತಲೆ ಎತ್ತಿದಾಗ ಅವನ ಬೀಜ-ಗೊಬ್ಬರದ ಅಂಗಡಿಯ ಮುಂದಿನ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಓರೆಯಾಗಿ ನಿಂತಿತ್ತು. ಅದರ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಐದು ವರ್ಷದ ಮಗಳು ಪ್ರಣಿತಾ ಆಡಿನ ಮರಿಯೊಂದನ್ನು ಎತ್ತಿಕೊಳ್ಳಲು ಬಗ್ಗಿದ್ದಳು. ಲಾರಿಗೆ ಬೆನ್ನು ಹಾಕಿದ್ದ ಅವಳು ಇನ್ನೂ ತಿರುಗಿ ನೋಡಿರಲಿಲ್ಲ.

ಗೊಬ್ಬರದ ಚೀಲಗಳನ್ನು ದಾಟಿಕೊಂಡು ಓಡಿದ ಜಯಪಾಲ ಮಗಳನ್ನು ಎದೆಗವಚಿಕೊಂಡ. ಗೋಕಾಕ ಕಡೆಯ ಡ್ರೈವರ್ ಕೆಳಗಿಳಿದು ಬಂದ.

"ಅಷ್ಟ ದೂರದಿಂದ ಹಾರ್ನ್ ಹೊಡಕೋತ ಬಂದೇನ್ರಿ. ಹುಡಿಗಿಗೆ ಕಿವಿ ಕೇಳೂದಿಲ್ಲೇನು?"

ಹೆದರಿಕೆಯಲ್ಲಿ ಬೈದ ಮಾತು ಅದು, ಉತ್ತರ ಬೇಕೆಂದು ಕೇಳಿದ್ದಲ್ಲ. ಆದರೂ ಜಯಪಾಲ ಉತ್ತರ ಕೊಟ್ಟ.

"ಹೌದ್ರಿ. ಕೇಳೂದಿಲ್ಲ."

ಆ ಮಾತನ್ನು ಅವನು ಅಲ್ಲಿಯತನಕ ಯಾರ ಎದುರಿಗೂ ಆಡಿರಲಿಲ್ಲ. ತನ್ನೂರು ಕಣಗಲಾದಲ್ಲಿ ಯಾರೇ ಕೇಳಲಿ, ಮಾತು ತುಸು ತಡವಾಗಿದೆ, ಬರುತ್ತದೆ ಎನ್ನುತ್ತಿದ್ದ. ಮಗುವಿನ ಕಿವಿಯ ನರವೇ ಬೆಳೆದಿಲ್ಲ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ, ಕೈಸನ್ನೆಯ ಭಾಷೆ ಕಲಿಸಿ ಎಂದು ಬೆಳಗಾವಿಯ ಡಾಕ್ಟರು ಬಿಡಿಸಿ ಹೇಳಿದ್ದರು. ಅಂದಿನಿಂದ ಗಿರಾಕಿ ಇಲ್ಲದ ಹೊತ್ತೆಲ್ಲ ಜಯಪಾಲ ಮೊಬೈಲಿನಲ್ಲೇ ಮುಳುಗಿರುತ್ತಿದ್ದ. ಕಿವಿಗೆ ಎಣ್ಣೆ ಬಿಡುವವರು, ಬೇರು ಕಟ್ಟುವವರು, ಹೊರದೇಶದ ಯಂತ್ರ ಮಾರುವವರು. ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಹೋಗುತ್ತಲೇ ಇದ್ದ. ಲಾರಿ ಬಂದ ಹೊತ್ತಿನಲ್ಲೂ ಅವನು ನೋಡುತ್ತಿದ್ದದ್ದು ಅಂಥದೇ ವಿಡಿಯೊ: ಯಾವುದೋ ಊರಿನ ಕಿವುಡ ಮಗು ತಾಯಿ ಕರೆದೊಡನೆ ತಿರುಗಿ ನೋಡುತ್ತಿತ್ತು.

ಹೆಂಡತಿ ಪದ್ಮಶ್ರೀ ಮಾತ್ರ ಡಾಕ್ಟರು ಹೇಳಿದ್ದನ್ನು ಒಪ್ಪಿಕೊಂಡಿದ್ದಳು. ಕೈಸನ್ನೆ ಕಲಿಸುವ ವೆಬ್‌ಸೈಟೊಂದನ್ನು ಹುಡುಕಿ, ಅಡುಗೆಮನೆಯಲ್ಲಿ ಮೊಬೈಲನ್ನು ಡಬ್ಬಿಗೆ ಒರಗಿಸಿಟ್ಟು, ರೊಟ್ಟಿ ಬಡಿಯುವ ನಡುವೆ ಮಗಳ ಜೊತೆ ತಾನೂ ಬೆರಳು ಆಡಿಸುತ್ತಿದ್ದಳು. ಅದನ್ನು ಕಂಡರೆ ಜಯಪಾಲನಿಗೆ ಸಿಟ್ಟು. ಕೈ ಕಲಿಸಿದರೆ ಬಾಯಿ ಮರೆತೇಬಿಡುತ್ತಾಳೆ ಎಂದು ಎಷ್ಟೋ ಸಲ ಜಗಳ ತೆಗೆದಿದ್ದ.

ಅಂದು ಅವನು ಅಂಗಡಿಯ ಶಟರ್ ಬೇಗ ಎಳೆದ. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿದ ಮೇಲೆ ಮೊಬೈಲನ್ನು ಪದ್ಮಶ್ರೀಯ ಮುಂದಿಟ್ಟು, ಬೇಡದ್ದನ್ನೆಲ್ಲ ತೆಗೆದುಬಿಡೋಣ, ನೀನೂ ಕೂಡು ಎಂದ. ಎಣ್ಣೆಯವರ ಪುಟ ಹೋಯಿತು. ಬೇರಿನವರದೂ ಹೋಯಿತು. ಒಂದೊಂದನ್ನು ತೆಗೆಯುವಾಗಲೂ ಅವನ ಬೆರಳು ಹಿಂಜರಿಯುತ್ತಿತ್ತು. ಆ ಪುಟಗಳನ್ನು ನೋಡುತ್ತ ಕೂತಾಗಲೆಲ್ಲ ಮಗಳು ತನ್ನನ್ನು 'ಪಪ್ಪಾ' ಎಂದು ಕರೆದಂತೆ ಅವನು ಕಲ್ಪಿಸಿಕೊಂಡಿದ್ದ. ಪದ್ಮಶ್ರೀ ಅವಸರ ಮಾಡಲಿಲ್ಲ. ತಾನೂ ತನ್ನ ಮೊಬೈಲಿನಿಂದ ಸೀರೆ ಅಂಗಡಿಗಳ, ಧಾರಾವಾಹಿಗಳ ಪುಟಗಳನ್ನು ತೆಗೆದುಹಾಕಿದಳು. ಪೇಟೆಯ ಧಾರಣೆಯದೂ ಮಳೆಯದೂ ವ್ಯಾಪಾರಕ್ಕೆ ಬೇಕೆಂದು ಉಳಿದವು. ಹೊರದೇಶದ ಯಂತ್ರದ್ದೊಂದು ಇರಲೇ ಎಂದು ಜಯಪಾಲ ಮೆಲ್ಲಗೆ ಕೇಳಿದ.

"ಅದನ್ನ ಇಟ್ಕೊಂಡ್ರ ಮತ್ತ ಅದರಾಗ ಇರ್ತೀರಿ," ಎಂದಳು ಪದ್ಮಶ್ರೀ. ಮಗಳ ಕಡೆ ನೋಡಿ, "ಆಕಿ ನಿಮಗ ಏನ್ ಹೆಸರ ಇಟ್ಟಾಳ, ಗೊತ್ತೈತೇನು?" ಎಂದಳು.

ಅವನಿಗೆ ಗೊತ್ತಿರಲಿಲ್ಲ. ಪದ್ಮಶ್ರೀ ಮಗಳ ಭುಜ ಮುಟ್ಟಿ ತನ್ನತ್ತ ತಿರುಗಿಸಿಕೊಂಡಳು, ಗಂಡನ ಕಡೆ ತೋರಿಸಿ ಕೈಯಲ್ಲಿ ಏನೋ ಕೇಳಿದಳು. ಪ್ರಣಿತಾ ನಕ್ಕಳು. ಎಡ ಅಂಗೈಯನ್ನು ಮೊಬೈಲಿನಂತೆ ಮುಖದ ಹತ್ತಿರ ಹಿಡಿದು, ಬಲಗೈಯ ಹೆಬ್ಬೆರಳನ್ನು ಅದರ ಮೇಲೆ ಸರ್ರನೆ ಮೇಲಕ್ಕೆ ಸರಿಸಿದಳು. ಇನ್ನೊಮ್ಮೆ ಸರಿಸಿದಳು. ಅದರಲ್ಲಿ ದೂರೇನೂ ಇರಲಿಲ್ಲ. ಮೂಗಿನ ನತ್ತು ತೋರಿಸಿದರೆ ಅವ್ವ, ಹೀಗೆ ಮಾಡಿದರೆ ಅಪ್ಪ, ಅಷ್ಟೇ.

ಜಯಪಾಲ ಆ ಪುಟ್ಟ ಅಂಗೈಯನ್ನೇ ನೋಡುತ್ತ ಕೂತ. ಆಮೇಲೆ ಯಂತ್ರದ ಪುಟವನ್ನೂ ತೆಗೆದುಹಾಕಿದ.

"ನೀ ನೋಡೂದು ಐತೆಲ್ಲಾ, ಅದನ್ನ ಇದರಾಗ ಹಾಕಿಕೊಡು," ಎಂದ. "ಮೊದಲಿಂದ ಕಲೀತೇನಿ."

ಕಲಿಯುವುದು ಸುಲಭವಿರಲಿಲ್ಲ. ಚೀಲ ಎತ್ತಿ ಎತ್ತಿ ಗಡುಸಾದ ಬೆರಳುಗಳು ಬೇಕಾದಂತೆ ಮಡಚುತ್ತಿರಲಿಲ್ಲ. ಬೀಜ ಒಯ್ಯಲು ಬಂದ ಉದ್ದವ್ವ, ಅಂಗಡಿಯಲ್ಲಿ ಒಬ್ಬನೇ ಕೂತು ಕೈ ಆಡಿಸುತ್ತಿದ್ದವನನ್ನು ಕಂಡು ಗಾಬರಿಯಾದಳು. ಮಗಳಿಗೆ ಕಿವಿ ಕೇಳುವುದಿಲ್ಲ, ಅವಳ ಮಾತು ಕಲಿಯುತ್ತಿದ್ದೇನೆ ಎಂದು ಜಯಪಾಲ ಹೇಳಿದ. ಈ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಉದ್ದವ್ವ ಹೋಗುವಾಗ, ಊಟ ಆಯಿತೇ ಎನ್ನುವುದಕ್ಕೆ ಹೇಗೆ ಮಾಡಬೇಕೆಂದು ಕೇಳಿ ತಿಳಿದುಕೊಂಡು ಹೋದಳು.

ಮಳೆ ಹಿಡಿದು ಗಿರಾಕಿಗಳು ಕಡಿಮೆಯಾಗಿದ್ದ ಒಂದು ಮಧ್ಯಾಹ್ನ, ಪದ್ಮಶ್ರೀಯ ಜೊತೆ ಶಾಲೆಯಿಂದ ಬಂದ ಪ್ರಣಿತಾ ಚೀಲ ಇಳಿಸಿ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಜಯಪಾಲ ಅವಳೆದುರು ಕುಕ್ಕರಗಾಲಲ್ಲಿ ಕೂತು, ಬೆಳಗಿನಿಂದ ಅಭ್ಯಾಸ ಮಾಡಿದ್ದನ್ನು ನಿಧಾನವಾಗಿ ಕೈಯಲ್ಲಿ ಕೇಳಿದ: ಇವತ್ತು ಏನೇನು ಮಾಡಿದೆ?

ಪ್ರಣಿತಾ ಅವನ ಕೈಗಳನ್ನು ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ಎದ್ದು ನಿಂತು ಶುರು ಮಾಡಿದಳು. ಅವಳ ಕೈಗಳು ಎಷ್ಟು ಬಿರುಸಾಗಿ ಓಡಿದವೆಂದರೆ ಜಯಪಾಲನಿಗೆ ಒಂದು ಮಾತೂ ಹಿಡಿಯಲು ಸಿಗಲಿಲ್ಲ. ಅವನು ಬಾಗಿಲಲ್ಲಿ ನಿಂತಿದ್ದ ಪದ್ಮಶ್ರೀಯ ಕಡೆ ನೋಡಿದ.

"ಏನಂತಾಳ?"

"ತಡೀರಿ," ಎಂದಳು ಪದ್ಮಶ್ರೀ, ಕಣ್ಣೊರೆಸಿಕೊಳ್ಳುತ್ತ. "ಆಕೀದು ಇನ್ನೂ ಮುಗದಿಲ್ಲ."